ಮೊದಲು ನನ್ನ ಬೆರಳು

ಮೊನ್ನೆ ಮೊಮ್ಮಗಳು ನನ್ನ ಮಂಚದ ಮೇಲೆಯೇ ಕೂತು ಪೆನ್ಸಿಲ್ ಕೆತ್ತಿದಳು. ಹಾಸಿಗೆ ತುಂಬ ಸಿಪ್ಪೆ. ಬೈಯಲೆಂದು ಬಾಯಿ ತೆರೆದವಳಿಗೆ ಆ ಸಿಪ್ಪೆಯ ವಾಸನೆ ಮೂಗಿಗೆ ಬಡಿದು ಬೈಗುಳ ಮರೆತೇ ಹೋಯಿತು. ದೇವದಾರು ಮರದ ವಾಸನೆ. ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡುವಾಗ ಗಾಜಿನ ಮೇಲೆ ಒಂದು ತೊಟ್ಟು ಬಿಡುತ್ತಿದ್ದ ಎಣ್ಣೆಗೂ ಇದೇ ವಾಸನೆ ಇತ್ತು. ಈಗಿನವರು ಬೇರೆ ಏನೋ ಎಣ್ಣೆ ಬಳಸುತ್ತಾರೆ, ಅದಕ್ಕೆ ವಾಸನೆಯೇ ಇಲ್ಲ. ನಮ್ಮ ಕಾಲದಲ್ಲಿ ಅದು ಕೈಗೆ ತಾಗಿದರೆ ಸಂಜೆ ಉಣ್ಣುವ ಅನ್ನಕ್ಕೂ ಅದೇ ಪರಿಮಳ... ಆ ಎಣ್ಣೆಯ ಜೊತೆಗೆ ನೆನಪಾಗುವವರು ನಮ್ಮ ಲ್ಯಾಬ್ ಮಾಸ್ಟ್ರು.

ಅರವತ್ತರ ದಶಕದ ನಡುಭಾಗ. ಮಣಿಪಾಲದಲ್ಲಿ ಲ್ಯಾಬ್ ಕೆಲಸ ಕಲಿಸುವ ಒಂದು ಸಣ್ಣ ತರಗತಿ ನಡೆಯುತ್ತಿತ್ತು. ನಾನು ಶಂಕರಪುರದ ಮಲ್ಲಿಗೆ ಬೆಳೆಯುವ ಕ್ರಿಶ್ಚಿಯನ್ ಮನೆಯ ಹುಡುಗಿ. ಬೆಳಗ್ಗೆ ಎದ್ದು ಮೊಗ್ಗು ಕೊಯ್ದು, ಅಮ್ಮನ ಜೊತೆ ಕೂತು ಒಂದಷ್ಟು ಹೂ ಕಟ್ಟಿಟ್ಟು, ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು ಬಸ್ಸು ಹಿಡಿಯುತ್ತಿದ್ದೆ. ಉಳಿದವರೆಲ್ಲ ಹಾಸ್ಟೆಲಿನಲ್ಲಿದ್ದರು. ಹಿಂದಿನ ವರ್ಷದವರ ಜೊತೆ ಅವರಿಗೆ ಒಳ್ಳೆಯ ಸಲುಗೆ ಇತ್ತು, ಸಂಜೆ ಹರಟೆಯಿತ್ತು. ನನಗೆ ತರಗತಿ ಮುಗಿದ ಕೂಡಲೇ ಬಸ್ಸಿನ ಚಿಂತೆ. ಹಾಗಾಗಿ ನಾನು ಅಲ್ಲಿ ಒಂಟಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ.

ಮಾಸ್ಟ್ರಿಗೆ ಡಿಗ್ರಿ ಗಿಗ್ರಿ ಏನೂ ಇರಲಿಲ್ಲ. ಅವರು ಮಾಡದ ಕೆಲಸವೇ ಇಲ್ಲ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಹುಟ್ಟಿದ್ದು ಕಾರ್ಕಳದಲ್ಲಿ, ಕಲ್ಲು ಕೆತ್ತುವವರ ಮನೆಯಲ್ಲಿ. ಅಲ್ಲಿಂದ ಹೊರಬಿದ್ದವರು ಕಾರ್ಕಳ-ಉಡುಪಿ ಬಸ್ಸಿನಲ್ಲಿ ಕ್ಲೀನರ್ ಆದರು. ಆಗ ಯುದ್ಧಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿರಿಯಡ್ಕದ ಏರಿನಲ್ಲಿ ಬಸ್ಸು ಉಸಿರುಗಟ್ಟಿ ನಿಂತರೆ ಇಳಿದು ಅದರ ಒಲೆಗೆ ಗಾಳಿ ಹಾಕುವುದು ಇವರ ಪಾಲಿನ ಕೆಲಸ. ಆಮೇಲೆ ಕಾಪುವಿನ ಕಡಲ ಬದಿಯಲ್ಲಿ ಬೂತಾಯಿ ಮೀನು ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಐವತ್ತರ ದಶಕದಲ್ಲಿ ಮಲೇರಿಯಾ ತಡೆಯುವ ಇಲಾಖೆಯವರ ಜೊತೆ ಸೇರಿ, ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತರುವ ಕೆಲಸ ಹಿಡಿದರು. ಆ ರಕ್ತದಲ್ಲಿ ಏನುಂಟೆಂದು ನೋಡಲು ಅಲ್ಲಿ ಯಾರೋ ಕಲಿಸಿದರು. ನೋಡುತ್ತ ನೋಡುತ್ತ ಆಸ್ಪತ್ರೆಯ ಲ್ಯಾಬಿಗೆ ಬಂದರು, ಲ್ಯಾಬಿನಿಂದ ನಮ್ಮ ತರಗತಿಗೆ.

ಬಿಟ್ಟ ಕೆಲಸಗಳೆಲ್ಲ ಪಾಠದಲ್ಲಿ ಇಣುಕುತ್ತಿದ್ದವು. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ತೆಳ್ಳಗೆ ಎಳೆಯಲು ಇನ್ನೊಂದು ಗಾಜನ್ನು ಓರೆಯಾಗಿ ಹಿಡಿಯಬೇಕು. ನನ್ನ ಕೈ ನೋಡಿ, "ಉಳಿ ಹಿಡಿದ ಹಾಗೆ ಹಿಡಿ ಮಾರಾಯ್ತಿ, ಆದರೆ ಒತ್ತಬೇಡ. ಅದು ಕಲ್ಲಲ್ಲ" ಅನ್ನುವರು. ಯಾರಾದರೂ ಬರ್ನರಿನ ಉರಿ ದೊಡ್ಡದು ಮಾಡಿದರೆ, "ಎಂತ, ಬೂತಾಯಿ ಬೇಯಿಸುವುದಾ?" ಎಂದು ಕೇಳುವರು. ನಗುತ್ತಿರಲಿಲ್ಲ. ನಾವು ನಕ್ಕರೆ ಮಾತ್ರ ಅವರಿಗೆ ಸಂತೋಷವಾಗುತ್ತಿತ್ತು.

ಅವರದ್ದೊಂದು ಪದ್ಧತಿ ಇತ್ತು. ಬೆರಳು ಚುಚ್ಚಿ ರಕ್ತ ತೆಗೆಯುವುದನ್ನು ಕಲಿಯಲು ಹೊಸಬರು ಹೆದರುತ್ತಾರಲ್ಲ, ಆಗ ತಮ್ಮ ಎಡಗೈ ಮೇಜಿನ ಮೇಲಿಟ್ಟು "ಮೊದಲು ನನ್ನ ಬೆರಳು" ಎನ್ನುತ್ತಿದ್ದರು. ಅದು ಮಲೇರಿಯಾ ಕೆಲಸಕ್ಕೆ ಕಾಪುವಿನ ಮನೆಗಳಿಗೆ ಹೋಗುತ್ತಿದ್ದ ಕಾಲದ ರೂಢಿ. ಇವರ ಸೂಜಿ ಕಂಡರೆ ಅಲ್ಲಿ ಹೆಂಗಸರು ಮಕ್ಕಳನ್ನು ಬಾಗಿಲ ಹಿಂದೆ ಅಡಗಿಸುತ್ತಿದ್ದರಂತೆ. ಇವರು ಜಗಲಿಯಲ್ಲಿ ಕೂತು ತಮ್ಮದೇ ಬೆರಳು ಚುಚ್ಚಿ, "ನೋಡಿ, ಇಷ್ಟೇ" ಎಂದು ತೋರಿಸಿದ ಮೇಲೆ ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರಂತೆ. ಮಣಿಪಾಲದಲ್ಲಿ ಆ ರೂಢಿಗೆ ಇನ್ನೊಂದು ಉಪಯೋಗವಾಯಿತು. ವರ್ಷವರ್ಷವೂ ಅದೇ ಬೆರಳಿನ ರಕ್ತ ನೋಡಿ ನೋಡಿ ಅದರ ಕಣಗಳ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ನಾವು ಎಣಿಸಿದ್ದು ಸರಿಯೋ ತಪ್ಪೋ ಎಂದು ಅದಕ್ಕೆ ಹೋಲಿಸಿ ಹೇಳುತ್ತಿದ್ದರು. ತಮ್ಮ ರಕ್ತವನ್ನೇ ಅಳತೆಯ ಕೋಲು ಮಾಡಿಕೊಂಡಿದ್ದ ಮನುಷ್ಯ.

ಉಡುಪಿಯಲ್ಲಿ ಒಂದು ಬಾಡಿಗೆ ಕೋಣೆ, ಹೋಟೆಲಿನ ಊಟ. ಮದುವೆ ಆಗಿರಲಿಲ್ಲ. ಭಾನುವಾರವೂ ಲ್ಯಾಬಿಗೆ ಬಂದು ಯಾರೂ ಹೇಳದಿದ್ದರೂ ಲೆನ್ಸು ಒರೆಸಿಡುತ್ತಾರೆ ಎಂದು ಕಾವಲಿನವನು ಹೇಳುತ್ತಿದ್ದ. ಅವರ ಕೈಯನ್ನು ಯಾರಾದರೂ ಹಿಡಿಯುತ್ತಿದ್ದರೆ ಅದು ನಾವು, ಅದೂ ಸೂಜಿ ಚುಚ್ಚುವುದಕ್ಕೆ. ಚುಚ್ಚಿ, ಹತ್ತಿ ಒತ್ತಿ, "ಆಯ್ತು ಸರ್" ಎಂದ ಮೇಲೂ ಅವರು ಕೈ ಸ್ವಲ್ಪ ಹೊತ್ತು ಹಾಗೆಯೇ ಇಟ್ಟಿರುತ್ತಿದ್ದರು. ಆಗ ಅದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು.

ಎರಡನೆಯ ವರ್ಷ ಬಿಳಿ ರಕ್ತಕಣ ಎಣಿಸುವ ಪರೀಕ್ಷೆ. ರಕ್ತವನ್ನು ಒಂದು ದ್ರಾವಣದಲ್ಲಿ ಬೆರೆಸಿ, ಸಣ್ಣ ಸಣ್ಣ ಚೌಕ ಕೊರೆದ ಗಾಜಿನ ಮೇಲೆ ಬಿಟ್ಟು, ಕಣ್ಣಿಟ್ಟು ಎಣಿಸಬೇಕು. ಬೆರಳು ಮಾಸ್ಟ್ರದ್ದೇ. ಹಾಸ್ಟೆಲಿನವರಿಗೆ ಉತ್ತರ ಮೊದಲೇ ಗೊತ್ತಿತ್ತು. ಮಾಸ್ಟ್ರ ಲೆಕ್ಕ ಎಷ್ಟೆಂದು ಹಿಂದಿನ ವರ್ಷದವರು ಇವರಿಗೆ ಹೇಳಿಕೊಟ್ಟಿದ್ದರು. ಇವರು ಕಣ್ಣಿಟ್ಟ ಹಾಗೆ ಮಾಡಿ ಅದನ್ನೇ ಆಚೀಚೆ ಸ್ವಲ್ಪ ಬದಲಿಸಿ ಬರೆದರು. ನನಗೆ ಯಾರೂ ಹೇಳಿರಲಿಲ್ಲ. ನಾನು ಎಣಿಸಿದೆ. ಚೌಕದೊಳಗೆ ಕಾಲಿಡಲು ಜಾಗವಿಲ್ಲದ ಹಾಗೆ ಕಣಗಳು ತುಂಬಿದ್ದವು.

ನನ್ನ ಉತ್ತರ ನೋಡಿ ಮಾಸ್ಟ್ರಿಗೆ ಸಿಟ್ಟು ಬಂತು. "ಇದೆಂತ ಲೆಕ್ಕ? ದ್ರಾವಣ ಸರಿ ಬೆರೆಸಲಿಲ್ಲ ನೀನು. ಪುನಃ ಮಾಡು." ಪುನಃ ಮಾಡಿದೆ. ಅಷ್ಟೇ ಬಂತು. "ಎಲ್ಲರಿಗೂ ಸರಿ ಬಂದದ್ದು ನಿನಗೆ ಮಾತ್ರ ಹೇಗೆ ತಪ್ಪಿತು?" ಎಂದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಹಟಮಾರಿ, ಅಮ್ಮನ ಹತ್ತಿರ ದಿನವೂ ಬೈಗುಳ ತಿನ್ನುತ್ತಿದ್ದುದೇ ಅದಕ್ಕೆ. "ಸರ್, ನಾನು ಮಲ್ಲಿಗೆ ಮೊಗ್ಗು ಎಣಿಸಿ ಬೆಳೆದವಳು. ನನಗೆ ಎಣಿಸಲಿಕ್ಕೆ ಬರುತ್ತದೆ. ನೀವೇ ನೋಡಿ" ಎಂದೆ.

ಅವರು ಬಗ್ಗಿ ನೋಡಿದರು. ಮತ್ತೆ ತಾವೇ ಬೆರಳು ಚುಚ್ಚಿಕೊಂಡು, ಗಾಜಿನ ಮೇಲೆ ರಕ್ತ ಎಳೆದು, ಬಣ್ಣ ಹಾಕಿ, ಎಣ್ಣೆ ಬಿಟ್ಟು ತುಂಬ ಹೊತ್ತು ನೋಡಿದರು. ತಲೆ ಎತ್ತಿದಾಗ ಸಿಟ್ಟು ಇರಲಿಲ್ಲ.

"ಇವಳ ಲೆಕ್ಕ ಸರಿ ಉಂಟು" ಎಂದರು. "ಉಳಿದವರು ಎಲ್ಲಿಂದ ನಕಲು ಮಾಡಿದಿರಿ?"

ಆ ದಿನ ನನಗಾದ ಖುಷಿ ಹೇಳಲಾರೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು, ಅದೂ ನನ್ನ ಗೆಲುವಿನ ಪಾಲೇ ಎನಿಸಿತು. ಅಷ್ಟು ಬಿಳಿ ಕಣಗಳಿದ್ದರೆ ಅದರ ಅರ್ಥ ಏನೆಂದು ತಿಳಿಯುವಷ್ಟು ನಾನಿನ್ನೂ ಕಲಿತಿರಲಿಲ್ಲ.

ಮರುದಿನ ಎಲ್ಲ ಸೂಕ್ಷ್ಮದರ್ಶಕಗಳಲ್ಲೂ ಒಂದೊಂದು ಗಾಜಿನ ಪಟ್ಟಿ ಇಟ್ಟು ಕಾಯುತ್ತಿದ್ದರು. "ಇದು ರಕ್ತದ ಕ್ಯಾನ್ಸರ್. ಪುಸ್ತಕದಲ್ಲಿ ಚಿತ್ರ ಉಂಟು, ಆದರೆ ಹೀಗೆ ನೋಡಲಿಕ್ಕೆ ಸಿಗುವುದು ಅಪರೂಪ. ಸರಿಯಾಗಿ ನೋಡಿಕೊಳ್ಳಿ" ಎಂದರು. ನಾವು ನೋಡಿದೆವು. ಒಬ್ಬ ಹುಡುಗ ಕಣ್ಣು ತೆಗೆಯದೆಯೇ ಕೇಳಿದ, "ಯಾವ ವಾರ್ಡಿನ ರೋಗಿ ಸರ್?"

"ನನ್ನದು" ಎಂದರು ಮಾಸ್ಟ್ರು. "ನೋಡಿ ಆಯಿತಾ? ಲೆನ್ಸು ಒರೆಸಿ ಇಡಿ" ಎಂದರು.

ಹೇಳಿಕೊಳ್ಳಲು ಅವರಿಗೆ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಪಾಠ ಮಾಡಿದರು.

ಆ ಸಂಜೆ ನಾನು ಬಸ್ಸು ಬಿಟ್ಟು ಅಲ್ಲೇ ನಿಂತೆ. ಮನೆಯವರಿಗೆ ತಿಳಿಸಿದಿರಾ ಎಂದು ಕೇಳಿದೆ. ಆಗ ಕಾರ್ಕಳದ ವಿಷಯ ಹೇಳಿದರು. ಅಪ್ಪ ತೀರಿದ ಮೇಲೆ ಅಣ್ಣನೇ ಕೆಲಸ ಕಲಿಸಿದ್ದನಂತೆ. ಯಾವುದೋ ದೇವಸ್ಥಾನಕ್ಕೆಂದು ಅಣ್ಣ ತಿಂಗಳುಗಟ್ಟಲೆ ಕೆತ್ತಿದ ಮೂರ್ತಿ ಮುಗಿಯಲು ಬಂದಿತ್ತು. ಇವರ ಉಳಿ ಜಾರಿ ಅದರ ಕಿವಿಯ ಅಂಚು ಹಾರಿತು. ಭಿನ್ನವಾದ ಮೂರ್ತಿ ಪೂಜೆಗೆ ಬಾರದು, ಅಷ್ಟೂ ದುಡಿಮೆ ಮಣ್ಣುಪಾಲು. ಅಣ್ಣ ಬೈದ. ಇವರು ಬಸ್ಸು ಹತ್ತಿದರು. ಅಷ್ಟೇ. ಆಮೇಲೆ ಎರಡೂ ಕಡೆಯಿಂದ ಮಾತಿಲ್ಲ. ಅದೇ ಬಸ್ಸಿನಲ್ಲಿ ಕ್ಲೀನರ್ ಆಗಿ ದಿನವೂ ಕಾರ್ಕಳಕ್ಕೆ ಹೋಗಿ ಬಂದರೂ ಮನೆಯ ದಾರಿ ಹಿಡಿಯಲಿಲ್ಲವಂತೆ...

"ಅಣ್ಣ ಬರಲಿ ಅಂತ ಉಂಟಾ ಸರ್ ನಿಮಗೆ?"

ಲೆನ್ಸು ಒರೆಸುತ್ತಿದ್ದವರು ಒರೆಸುತ್ತಲೇ, "ಬರಲಿಕ್ಕಿಲ್ಲ" ಎಂದರು.

ನಾನು ಕೇಳಿದ್ದು ಅದನ್ನಲ್ಲ. ಆದರೂ ನನಗೆ ಉತ್ತರ ಸಿಕ್ಕಿತು.

ಅವರು ಹಾಸಿಗೆ ಹಿಡಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಅವರಿಗೆ ರಕ್ತ ಕೊಡಬೇಕಾಗಿ ಬಂತು. ನಮ್ಮಲ್ಲಿ ಹೊಂದಿದವರು ಕೊಟ್ಟೆವು, ಸಾಲಲಿಲ್ಲ. ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ನನ್ನ ಅಪ್ಪನನ್ನು ಎಳೆದುಕೊಂಡು ಕಾರ್ಕಳಕ್ಕೆ ಹೋದೆ. ಮಾಸ್ಟ್ರ ಅಣ್ಣ ಚಪ್ಪರದ ಕೆಳಗೆ ಕೂತು ಕಲ್ಲು ಕೆತ್ತುತ್ತಿದ್ದರು. ಅಪ್ಪ ತುಳುವಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ಸುತ್ತಿಗೆ ನಿಲ್ಲಲಿಲ್ಲ. ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟಳು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: "ನೀವು ಬಂದದ್ದು ಅವನಿಗೆ ಗೊತ್ತುಂಟಾ?" ಇಲ್ಲ ಎಂದೆವು. ಅವರು ಮತ್ತೆ ಕಲ್ಲಿಗೆ ತಿರುಗಿದರು. ಹಿಂದೆ ಬರುವಾಗ ಅಪ್ಪ, "ಅವರು ಕೆತ್ತುತ್ತಿದ್ದ ಮೂರ್ತಿಯ ಹತ್ತಿರ ಮಾತಾಡಿದ್ದರೆ ಅದಾದರೂ ತಲೆ ಅಲ್ಲಾಡಿಸುತ್ತಿತ್ತು" ಎಂದರು.

ವಾರ್ಡಿನ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಬಸ್ಸಿನ ಸದ್ದಾದರೆ ಮಾಸ್ಟ್ರು ಆ ಕಡೆ ತಿರುಗುತ್ತಿದ್ದರು. ನಾವು ಕಂಡರೆ, "ಎಂಜಿನ್ ಸರಿ ಇಲ್ಲ ಅದರದ್ದು" ಎಂದು ಏನಾದರೂ ಹೇಳುತ್ತಿದ್ದರು. ನಾನು ಕಾರ್ಕಳಕ್ಕೆ ಹೋದದ್ದನ್ನು ಹೇಳಲಿಲ್ಲ. ಹೇಳಿದರೆ ಅವರು ಇನ್ನೂ ಹೆಚ್ಚು ಕಾಯುತ್ತಿದ್ದರು.

ಆ ತಿಂಗಳು ನನಗೆ ರಕ್ತದ ಗುಂಪು ನೋಡುವ ಮೇಜಿನಲ್ಲಿ ಕೆಲಸ. ಒಂದು ಮಧ್ಯಾಹ್ನ ಒಗೆದ ಬಿಳಿ ಪಂಚೆ ಉಟ್ಟ ಮುದುಕರೊಬ್ಬರು ಬಾಗಿಲಲ್ಲಿ ನಿಂತು, "ರಕ್ತ ತೆಗೆಯುವುದು ಇಲ್ಲಿಯಾ?" ಎಂದು ಕೇಳಿದರು. ತಲೆ ಎತ್ತಿದರೆ ಮಾಸ್ಟ್ರ ಅಣ್ಣ. ನನ್ನ ಗುರುತು ಹಿಡಿದರೂ ತೋರಿಸಿಕೊಳ್ಳಲಿಲ್ಲ. ಕುಳಿತು ಕೈ ಚಾಚಿದರು. ಕಲ್ಲಿನ ಕೆಲಸದಿಂದ ದಡ್ಡುಗಟ್ಟಿದ ಬೆರಳು, ಸೂಜಿ ಇಳಿಯಲಿಲ್ಲ. ಕೊನೆಗೆ ಕಿರುಬೆರಳಿನಿಂದ ತೆಗೆದೆ.

ಹೊಂದಲಿಲ್ಲ. ಗುಂಪು ನೋಡುವ ದ್ರಾವಣದ ಬೇರೆ ಬಾಟಲಿ ತೆಗೆದು ಇನ್ನೊಮ್ಮೆ ನೋಡಿದೆ. ಹೊಂದಲಿಲ್ಲ. ಹಿರಿಯರನ್ನು ಕರೆದು ತೋರಿಸಿದೆ, ಅವರೂ ಇಲ್ಲವೆಂದು ತಲೆಯಾಡಿಸಿದರು.

"ಒಂದೇ ತಾಯಿಯ ಮಕ್ಕಳಲ್ವಾ ನಾವು" ಎಂದರು ಅಣ್ಣ. ಹಾಗೂ ಆಗುತ್ತದೆ ಎಂದೆ. ಅವರಿಗೆ ಅದು ತಲೆಗೆ ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತರು. ನಾನೇ ಅಳುವ ಹಾಗಾದೆ.

ವಾರ್ಡಿಗೆ ಕರೆದುಕೊಂಡು ಹೋದೆ. ಅಣ್ಣ ಸ್ಟೂಲಿನ ಮೇಲೆ ಕೂತರು. ಮಾಸ್ಟ್ರು ಎದ್ದು ಕೂರಲು ನೋಡಿದರು, ಆಗಲಿಲ್ಲ. ಅಣ್ಣ, "ಊಟ ಸೇರುತ್ತದಾ?" ಎಂದು ಕೇಳಿದರು. ಇವರು ಸೇರುತ್ತದೆ ಎಂದರು. ಸುಳ್ಳು ಅದು. ಮೂರ್ತಿಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಬೆಳಕಿರುವಾಗಲೇ ಅಣ್ಣ ಎದ್ದು, ಹೊದಿಕೆಯ ಮುದುರು ಕೈಯಿಂದ ಒಮ್ಮೆ ಸರಿಮಾಡಿ, ಬಸ್ಸಿಗೆ ಹೋದರು.

ಅವರು ಹೋದ ಮೇಲೆ ಮಾಸ್ಟ್ರು ನನ್ನನ್ನು ಹತ್ತಿರ ಕರೆದರು. "ಅವನ ರಕ್ತ ಹೊಂದಿತಾ?"

ಹೊಂದಿತು ಎಂದುಬಿಡುವ ಮನಸ್ಸು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವರ ಎದುರಿಗೆ ಕಂಡದ್ದನ್ನು ಬಿಟ್ಟು ಬೇರೆ ಹೇಳಲು ನನ್ನಿಂದಾಗಲಿಲ್ಲ. "ಇಲ್ಲ ಸರ್" ಎಂದೆ.

"ಪುನಃ ನೋಡಿದ್ದೀಯಾ?"

"ನೋಡಿದೆ ಸರ್."

"ಹಾಗಾದರೆ ಸರಿ" ಎಂದು ಕಿಟಕಿಯ ಕಡೆ ತಿರುಗಿದರು. ಕಾರ್ಕಳದ ಬಸ್ಸು ಹೋದ ಸದ್ದು ಪೂರ್ತಿ ಮುಗಿದ ಮೇಲೆ, ತಮಗೇ ಹೇಳಿಕೊಳ್ಳುವ ಹಾಗೆ ಹೇಳಿದರು: "ಆದರೂ ಬಂದ, ಅಲ್ವಾ?"

ಮಳೆಗಾಲ ಹಿಡಿಯುವ ಮೊದಲೇ ಮಾಸ್ಟ್ರು ತೀರಿಹೋದರು. ಅದೊಂದು ಶನಿವಾರ, ನಾನು ಮನೆಗೆ ಹೊರಟಾಗಿತ್ತು. ಸೋಮವಾರ ಹೋದಾಗ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಅಣ್ಣ ಬಂದು ಕಾರ್ಕಳಕ್ಕೆ ಕೊಂಡುಹೋದರು ಎಂದು ನರ್ಸ್ ಹೇಳಿದಳು. ಅಷ್ಟು ವರ್ಷ ಬಿಟ್ಟಿದ್ದ ಮನೆಗೆ ಕೊನೆಗೆ ಹೋದರಲ್ಲ ಎಂದು ಒಂದು ಕಡೆ ಸಮಾಧಾನ. ನಮಗೆ ಮುಖ ತೋರಿಸದೆ ಹೋದರಲ್ಲ ಎಂದು ಇನ್ನೊಂದು ಕಡೆ...

ಆಮೇಲೆ ನಾನು ಬೇರೆ ಬೇರೆ ಲ್ಯಾಬುಗಳಲ್ಲಿ ದುಡಿದೆ, ಮಕ್ಕಳಿಗೆ ಕಲಿಸಿದೆ, ನಿವೃತ್ತಿಯಾದೆ. ಮಾಸ್ಟ್ರ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಆಗ ಫೋಟೋ ತೆಗೆಸುವುದೆಂದರೆ ಮದುವೆಗೆ ಮಾತ್ರ, ಅವರಿಗೆ ಮದುವೆ ಇರಲಿಲ್ಲ. ತರಗತಿಯವರಲ್ಲಿ ಕೊನೆಗೆ ಉಳಿದವಳೊಬ್ಬಳು ಆಗಾಗ ಫೋನು ಮಾಡುತ್ತಿದ್ದಳು. ಮಾಸ್ಟ್ರ ಸುದ್ದಿ ಬಾರದೆ ನಮ್ಮ ಮಾತು ಮುಗಿಯುತ್ತಿರಲಿಲ್ಲ. ಅವರ ಕೂದಲು ಗುಂಗುರು ಎಂದು ಅವಳು, ಅಲ್ಲವೇ ಅಲ್ಲ ಎಂದು ನಾನು. ಎಷ್ಟೋ ವರ್ಷ ಇದೇ ಜಗಳ. ಕಳೆದ ಮಳೆಗಾಲದಲ್ಲಿ ಅವಳೂ ತೀರಿಕೊಂಡಳು.

ಈಗ ಈ ಊರಿನಲ್ಲಿ ಅವರನ್ನು ಕಂಡವಳು ನಾನೊಬ್ಬಳೇ ಇರಬೇಕು. ಕಣ್ಣು ಮುಚ್ಚಿದರೆ ಮುಖ ಸರಿಯಾಗಿ ಮೂಡುವುದಿಲ್ಲ. ಕೇಳೋಣವೆಂದರೆ ಯಾರೂ ಇಲ್ಲ. ಅವರ ಕೂದಲು ಗುಂಗುರೇ ಇದ್ದಿರಬಹುದು.