ಮಹಡಿ ಮನೆ ಸಾರ್ ಹಾಕಿಸಿದ ಬೆಂಚುಗಳು

ಹೋದ ವಾರ ಕಂಪಲಾಪುರದಲ್ಲಿ ಸಿಮೆಂಟ್ ಲೋಡು ಇಳಿಸಿ, ರಸ್ತೆ ಬದಿಯ ಮಲಯಾಳಿ ಹೋಟೆಲಿಗೆ ಊಟಕ್ಕೆ ಹೋದೆ. ಒಳಗೆ ತೆಂಗಿನೆಣ್ಣೆಯಲ್ಲಿ ಮೀನು ಹುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿಯಿತು, ನಮ್ಮ ಮಹಡಿ ಮನೆ ಸಾರ್ ನೆನಪಾದರು. ತಟ್ಟೆ ಮುಂದೆ ಸುಮ್ಮನೆ ಕೂತೆ.

ಆಗ ನಾನು ಸ್ಕೂಲು ಬಿಟ್ಟು ಲಗೇಜ್ ಆಟೋ ಓಡಿಸುತ್ತಿದ್ದೆ. ಹುಣಸೂರಿನ ನಮ್ಮ ಮನೆಯ ಮಹಡಿಗೆ ಅವರು ಬಾಡಿಗೆಗೆ ಬಂದರು. ಮುನ್ಸಿಪಾಲ್ಟಿಯಲ್ಲಿ ಇಂಜಿನಿಯರ್. ಕಡಲ ಕಡೆಯವರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿಲ್ಲ. ಬಂದ ದಿನವೇ ಮೇಲಿಂದ ತೆಂಗಿನೆಣ್ಣೆ ವಾಸನೆ ಇಳಿದು ಬಂತು. ಅವ್ವ ಮೂಗಿಗೆ ಸೆರಗು ಹಿಡಿದುಕೊಂಡು, "ತಲೆಗ್ ಅಚ್ಚೋ ಎಣ್ಣೇಲಿ ಮೀನ್ ಉರೀತಾರಲ್ಲೋ! ನಾಳೆ ಸಾರಿಗೆ ಸೀಗೆಪುಡಿ ಆಕ್ತಾರೇನೋ ಕಾಣೆ" ಎಂದಳು. ಅಪ್ಪ ನಕ್ಕ. ಸಂಜೆ ಅದೇ ಮೀನು ಒಂದು ಬಟ್ಟಲು ಕೆಳಗೆ ಬಂತು. ಅಪ್ಪ ಮುಳ್ಳು ಕೂಡ ಬಿಡಲಿಲ್ಲ.

ಆಂಟಿಗೆ ನಮ್ಮೂರು ಹಿಡಿಸಲಿಲ್ಲ. ಸಂಜೆಯಾದರೆ ಟೆರೇಸ್ ಮೇಲೆ ನಿಂತು ಪಶ್ಚಿಮಕ್ಕೆ ನೋಡುತ್ತಿದ್ದರು. ಅಲ್ಲಿ ಕಾಣುತ್ತಿದ್ದದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಹೊಗೆ, ಒಂದು ನೀರಿನ ಟ್ಯಾಂಕು, ಅಷ್ಟೇ. "ಇಲ್ಲಿ ಗಾಳಿಗೆ ಉಪ್ಪೇ ಇಲ್ಲಮ್ಮ" ಎಂದು ಒಮ್ಮೆ ಅವ್ವನಿಗೆ ಹೇಳಿದರಂತೆ. ಅವ್ವನಿಗೆ ಅದು ಅರ್ಥವಾಗಲಿಲ್ಲ. ಬರಬರುತ್ತ ಆಂಟಿ ಸೊರಗಿದರು. ಊಟ ಕಮ್ಮಿ, ಮಾತು ಕಮ್ಮಿ.

ಒಂದು ದಿನ ಸಾರ್ ನನ್ನ ಆಟೋದಲ್ಲಿ ಬರುತ್ತಿದ್ದರು. ಮನೆ ಹತ್ತಿರ ಬಂದಾಗ, "ಇವಳಿಗೆ ಸಂಜೆ ನೀರು ಕಾಣಬೇಕು ಮಾರಾಯ. ಹುಟ್ಟಿದಾಗಿನ ಅಭ್ಯಾಸ. ಇಲ್ಲಾಂದ್ರೆ ಇವಳು ಇಲ್ಲಿ ನಿಲ್ಲುವುದಿಲ್ಲ" ಎಂದರು. ಅವರ ಪ್ಲಾನು ಶುರುವಾದದ್ದು ಅಲ್ಲಿಂದ.

ಪ್ಲಾನು ದೊಡ್ಡದೇ ಇತ್ತು. ಬಸ್‌ಸ್ಟ್ಯಾಂಡಿನಿಂದ ಹೊಳೆಯವರೆಗೆ ನಡೆಯುವವರಿಗೆಂದೇ ಒಂದು ದಾರಿ. ಎರಡೂ ಕಡೆ ಹೊಂಗೆ ಮರ. ಹೊಳೆದಂಡೆಗೆ ಕಲ್ಲುಹಾಸು, ದೀಪದ ಕಂಬ, ನೀರಿಗೆ ಮುಖ ಮಾಡಿದ ಬೆಂಚುಗಳು. ಡ್ರಾಯಿಂಗ್ ಹಾಳೆ ತಂದು ನಮ್ಮ ಜಗಲಿ ಮೇಲೆ ಹರಡಿದರು. ಹಾಳೆ ಹಾರದ ಹಾಗೆ ಅಪ್ಪ ಎಲಡಿಕೆ ಚೀಲ ಇಟ್ಟ.

"ಊರು ಅಂದ್ರೆ ಬರೀ ಅಂಗಡಿ, ಬಸ್ಸು ಅಲ್ಲ ಗೌಡ್ರೆ. ಸಂಜೆ ಎಲ್ಲರೂ ಬಂದು ಸುಮ್ಮನೆ ಕೂರುವ ಒಂದು ಜಾಗ ಬೇಕು. ನಮ್ಮಲ್ಲಿ ಕಡಲ ಬದಿ ಉಂಟು. ಡಾಕ್ಟರೂ ಅಲ್ಲೇ ಕೂರ್ತಾನೆ, ಹಮಾಲಿಯೂ ಅಲ್ಲೇ ಕೂರ್ತಾನೆ."

"ಸುಮ್ನೆ ಕೂತ್ಕಂಡು ಏನ್ ಮಾಡದು ಸಾರ್?"

"ಎಂತದೂ ಮಾಡ್ಲಿಕ್ಕಿಲ್ಲ. ಅದೇ ವಿಷಯ."

ಅಪ್ಪ ನನ್ನ ಕಡೆ ತಿರುಗಿದ. "ನೋಡ್ಲಾ, ಸುಮ್ನೆ ಕೂರಕ್ಕೂ ಇಂಜಿನಿಯರ್ ಓದ್ಬೇಕು. ನೀನ್ ಓದ್ದೇನೆ ಕೂತಿದ್ದೀಯ."

ಸಾರೇ ಜೋರಾಗಿ ನಕ್ಕರು. ನಗು ನಿಂತ ಮೇಲೆ ಅಪ್ಪ ದನಿ ತಗ್ಗಿಸಿದ. "ಆದ್ರೆ ಸಾರ್, ಆ ಜಾಗದಲ್ಲಿ ಕರ್ಮ ಮಾಡ್ತಾರೆ. ಸತ್ತೋರ ಅನ್ನೊಂದನೇ ದಿನಕ್ಕೆ ತಲೆ ಬೋಳ್ಸಿ, ಎಡೆ ಇಟ್ಟು, ಮುಳುಗಿ ಬರೋ ಜಾಗ ಅದು. ಸಂಜೆ ಹೊತ್ನಲ್ಲಿ ಅಲ್ಲಿಗೆ ಯಾರ್ ಬತ್ತಾರೆ?"

"ನಮ್ಮಲ್ಲಿ ಬೆಳಿಗ್ಗೆ ಪಿಂಡ ಬಿಡುವ ಕಡಲ ಬದಿಯಲ್ಲೇ ಸಂಜೆ ಮಕ್ಕಳು ಚುರುಮುರಿ ತಿಂತಾರೆ. ಎಂತ ಆಗ್ತದೆ?"

"ಕಡ್ಲು ದೊಡ್ದು ಸಾರ್, ಎಲ್ಲಾನೂ ನುಂಗ್ಕತದೆ. ನಮ್ಮೊಳೇಲಿ ಬ್ಯಾಸ್ಗೆ ಬಂದ್ರೆ ಮಂಡಿಯುದ್ದ ನೀರಿರಲ್ಲ."

ಸಾರ್ ಒಪ್ಪಲಿಲ್ಲ. ಕರ್ಮಕ್ಕೆ ಇನ್ನೂ ಕೆಳಗಡೆ ಬೇರೆ ಜಾಗ ಮಾಡಿಕೊಟ್ಟರಾಯಿತು, ದಂಡೆ ಚೊಕ್ಕಟ ಮಾಡಿ ದೀಪ ಹಾಕಿದರೆ ಜನ ತಾವಾಗಿಯೇ ಬರುತ್ತಾರೆ ಎಂದರು. ಹಾಳೆ ಸುತ್ತಿಕೊಂಡು ಮೇಲೆ ಹೋದರು.

ದುಡ್ಡು ಸ್ವಲ್ಪವೇ ಬಂತು. ದಾರಿ ಆಗಲಿಲ್ಲ, ಮರ ಬರಲಿಲ್ಲ. ಕಲ್ಲುಹಾಸು, ಒಂದು ಕಂಬ, ಬೆಂಚುಗಳು ಆದವು. ಚಪ್ಪಡಿ ಹೊತ್ತು ತಂದದ್ದು ನನ್ನ ಆಟೋ. ಸಾರ್ ಒಂದೊಂದು ಬೆಂಚಿನ ಮೇಲೂ ಕೂತು, "ಸ್ವಲ್ಪ ಎಡಕ್ಕೆ ತಿರುಗಿಸಿ, ಇಲ್ಲಿಂದ ನೀರು ಕಾಣುವುದಿಲ್ಲ" ಎಂದು ಗಾರೆಯವರ ಪ್ರಾಣ ತೆಗೆದರು.

ಮೊದಲ ಸಂಜೆ ಇಬ್ಬರೂ ಹೋದರು. ಆಂಟಿ ಮಲ್ಲಿಗೆ ಮುಡಿದಿದ್ದರು. ನಾನು ಸೇತುವೆ ಮೇಲಿಂದ ನೋಡಿದೆ. ಅಷ್ಟು ದೊಡ್ಡ ದಂಡೆಯ ಮೇಲೆ ಎರಡೇ ತಲೆ. ಆಂಟಿ ಕೈ ಆಡಿಸಿಕೊಂಡು ಏನೋ ಹೇಳುತ್ತಲೇ ಇದ್ದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ...

ಬೇರೆ ಯಾರೂ ಬರಲಿಲ್ಲ. ನಮ್ಮ ಜನ ಕೂರುವುದು ರಸ್ತೆ ನೋಡಿಕೊಂಡು. ಯಾವ ಬಸ್ಸಿಂದ ಯಾರು ಇಳಿದರು, ಯಾರ ಕೈಯಲ್ಲಿ ಏನಿದೆ, ಅದು ಬೇಕು. ಊರಿಗೆ ಬೆನ್ನು ಹಾಕಿ ನೀರು ನೋಡಿ ಏನು ಮಾಡುವುದು? ಅದರ ಮೇಲೆ ಜಾಗದ ಭಯ. ಮರ ಇಲ್ಲದ್ದಕ್ಕೆ ಕಲ್ಲು ಸಂಜೆವರೆಗೂ ಸುಡುತ್ತಿತ್ತು. ಸಾರ್ ಬಕೆಟಿನಲ್ಲಿ ಹೊಳೆ ನೀರು ತಂದು ಬೆಂಚಿಗೆ ಹೊಯ್ದು, ಟವೆಲಿನಿಂದ ಒರೆಸಿ ಆಂಟಿಯನ್ನು ಕೂರಿಸುತ್ತಿದ್ದರು. ಸೇತುವೆ ಮೇಲಿಂದ ಹುಡುಗರು, "ಸಾರ್, ದೆವ್ವ ಬಂದ್ವಾ?" ಎಂದು ಕೂಗುತ್ತಿದ್ದರು. "ಇನ್ನೂ ಇಲ್ಲ, ನೀವೇ ಬನ್ನಿ" ಎನ್ನುತ್ತಿದ್ದರು ಸಾರ್. ಚುರುಮುರಿ ಗಾಡಿಯವನನ್ನು ಪುಸಲಾಯಿಸಿ ಅಲ್ಲಿಗೆ ಕರೆದುಕೊಂಡು ಹೋದರು. ಅವನು ಎರಡು ಸಂಜೆ ನಿಂತ. "ನೀವಿಬ್ರೆ ಎಷ್ಟ್ ತಿಂತೀರಾ ಸಾರ್, ಒಟ್ಟೆ ಕೆಟ್ಟೋಯ್ತದೆ" ಎಂದು ಗಾಡಿ ತಳ್ಳಿಕೊಂಡು ವಾಪಸ್ ಬಸ್‌ಸ್ಟ್ಯಾಂಡಿಗೆ ಹೋದ.

ಕೊನೆಗೆ ಕೆಡಿಸಿದ್ದು ಅವ್ವನ ಚೊಂಬು. ಅವ್ವನದು ಕೆಟ್ಟ ಮನಸ್ಸಲ್ಲ. ಅವರು ಹೊಳೆಯಿಂದ ಬರುವ ಹೊತ್ತಿಗೆ ಮೆಟ್ಟಿಲ ಹತ್ತಿರ ಒಂದು ಚೊಂಬು ನೀರು ಇಡುತ್ತಿದ್ದಳು. "ಕಾಲ್ ತೊಳ್ಕಂಡು ಮೇಲಕ್ಕೋಗವ್ವ. ಮುತ್ತೈದೆ ನೀನು. ಅಲ್ಲಿಂದ ಬಂದು ಅಂಗೇ ಒಳಿಕ್ಕೋಗ್ಬಾರ್ದು." ಸಾವಿನ ಮನೆಯಿಂದ ಬಂದವರಿಗೆ ಇಡುವ ಹಾಗೆ. ಆಂಟಿ ಮೊದಮೊದಲು ನಕ್ಕು ತೊಳೆದರು. ಆಮೇಲೆ ನಗದೆ ತೊಳೆದರು. ಒಂದು ಸಂಜೆ ಚೊಂಬಿನ ಮುಂದೆ ನಿಂತುಬಿಟ್ಟರು.

"ದಿನಾ ನಾನು ಯಾರ ಸಾವಿಗೆ ಹೋಗಿ ಬರುವುದಮ್ಮ?"

ಮಾರನೇ ದಿನದಿಂದ ಆಂಟಿ ಹೊಳೆ ಕಡೆ ಹೋಗಲಿಲ್ಲ. ದಸರಾ ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರಲೇ ಇಲ್ಲ.

ಸಾರ್ ಒಬ್ಬರೇ ಹೋಗುತ್ತಿದ್ದರು. ಮಬ್ಬಾಗುವವರೆಗೂ ಕೂತು, ಬರುವಾಗ ಬೂತಿನಿಂದ ಆಂಟಿಗೆ ಫೋನು ಮಾಡುತ್ತಿದ್ದರು. "ಒಂದು ನಾಲ್ಕು ಜನ ಬಂದು ಕೂತರೆ ಸಾಕು ಮಾರಾಯ. ಜನ ಬರ್ತಿದ್ದಾರೆ, ಬೆಂಚು ತುಂಬಿದೆ, ನೀನೂ ಬಾ ಅಂತ ಹೇಳಬಹುದು" ಎಂದು ನನ್ನ ಹತ್ತಿರ ಹೇಳಿದ್ದರು. ಸುಳ್ಳು ಹೇಳಿ ಕರೆಸಬಹುದಿತ್ತು. ಆ ಬುದ್ಧಿ ಅವರಿಗಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಪ್ಪ ಹೋದ. ಬ್ಯಾರನ್ ಮುಂದೆ ಸೌದೆ ಒಡೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ.

ಹನ್ನೊಂದನೇ ದಿನ ಕರ್ಮಕ್ಕೆ ಹೊಳೆದಂಡೆಗೇ ಹೋದೆವು. ಕೆಳಗಡೆ ಮಾಡುತ್ತೇವೆಂದ ಜಾಗ ಆಗಿರಲಿಲ್ಲ, ಆಗಿದ್ದರೂ ಯಾರೂ ಹೋಗುತ್ತಿರಲಿಲ್ಲ. ಒಂದು ಬೆಂಚಿನ ಮೇಲೆ ಕೂರಿಸಿ ನನ್ನ ತಲೆ ಬೋಳಿಸಿದರು. ಇನ್ನೊಂದರ ಮೇಲೆ ಬಾಳೆ ಎಲೆ ಹಾಸಿ ಅಪ್ಪನಿಗೆ ಎಡೆ ಇಟ್ಟರು. ಮಿಕ್ಕ ಬೆಂಚುಗಳ ಮೇಲೆ ಬಿಳಿಕೆರೆಯಿಂದ, ಕೆ.ಆರ್. ನಗರದಿಂದ ಬಂದ ನೆಂಟರು. ಜಾಗ ಸಾಲದೆ ಕೆಲವರು ಹಾಸುಗಲ್ಲಿನ ಮೇಲೇ ಕೂತರು. ಕಾಗೆ ಬರಲೆಂದು ಕಾಯುತ್ತ, ಬೀಡಿ ಹಚ್ಚಿಕೊಂಡು, ಮಳೆ ಬೆಳೆ ಮಾತಾಡುತ್ತ ಎಲ್ಲರೂ ನೀರಿನ ಕಡೆ ನೋಡುತ್ತಿದ್ದರು.

ಆಗ ಸಾರ್ ಬಂದರು, ಆಫೀಸಿನ ಬಟ್ಟೆಯಲ್ಲೇ. ಸ್ವಲ್ಪ ದೂರದಲ್ಲೇ ನಿಂತು ಬೆಂಚುಗಳನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು. ಬಿಳಿಕೆರೆಯ ನಮ್ಮ ಮಾವನಿಗೆ ಅವರು ಯಾರೆಂದು ಗೊತ್ತಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಬನ್ನಿ ಸಾರ್, ಕೂತ್ಕಳಿ. ಯಾರೋ ಪುಣ್ಯಾತ್ಮ ಕರ್ಮ ಮಾಡೋರ್ಗೆ ಅಂತ್ಲೇ ಎಷ್ಟ್ ಚೆನ್ನಾಗ್ ಮಾಡ್ಸವ್ನೆ ನೋಡಿ. ನಮ್ಮೂರಲ್ಲಿ ಮಣ್ಣಲ್ಲೇ ಕುಂತ್ಕಬೇಕು."

ಸಾರ್ ಕೂರಲಿಲ್ಲ. "ಹೌದು, ಒಳ್ಳೇದಾಯ್ತು" ಎಂದರು. ನನ್ನ ಹತ್ತಿರ ಬಂದು ಬೋಳು ತಲೆಯ ಮೇಲೆ ಕೈ ಇಟ್ಟರು. ಕೈ ತಣ್ಣಗಿತ್ತು.

"ಎಲ್ಲ ಬೆಂಚೂ ತುಂಬಿತಲ್ಲ ಮಾರಾಯ."

ಹೂಂ ಎಂದೆ.

ಅವತ್ತಿನಿಂದ ಅವರು ಸಂಜೆ ಹೊಳೆಗೆ ಹೋಗಲಿಲ್ಲ. ಫೋನು ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮಳೆಗಾಲಕ್ಕೆ ಮೊದಲೇ ವರ್ಗ ಕೇಳಿಕೊಂಡು ಹೊರಟರು. ಕಡಲ ಕಡೆಗಲ್ಲ, ಬಯಲುಸೀಮೆಯ ಯಾವುದೋ ಊರಿಗೆ ಹಾಕಿದ್ದರು. ಸಾಮಾನು ಲಾರಿಗೆ ಏರಿಸಿದ್ದು ನಾನೇ. ಅವ್ವ ಬಾಗಿಲಲ್ಲಿ ನಿಂತು ಅತ್ತಳು. ಯಾಕೆಂದು ಅವಳಿಗೂ ಸರಿಯಾಗಿ ಗೊತ್ತಿದ್ದ ಹಾಗೆ ಕಾಣಲಿಲ್ಲ...

ಸಾರ್ ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದ್ದು ಆವಾಗಿನ ಗಾರೆ ಮೇಸ್ತ್ರಿ, ಟೀ ಅಂಗಡಿ ಮುಂದೆ, ಬೇರೆ ಏನೋ ಮಾತಿನ ಮಧ್ಯೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಅವರ ತಿಥಿಯೂ ಮುಗಿದಿತ್ತು. ಕೊನೆಗಾಲದಲ್ಲಿ ಆಂಟಿ ಜೊತೆಗಿದ್ದರಾ ಎಂದು ಕೇಳಿದೆ. ಮೇಸ್ತ್ರಿಗೆ ಗೊತ್ತಿರಲಿಲ್ಲ.

ಹೋದ ವಾರ ಕಂಪಲಾಪುರದಿಂದ ವಾಪಸ್ ಬಂದವನು ಸೇತುವೆ ಮೇಲೆ ಗಾಡಿ ನಿಲ್ಲಿಸಿದೆ. ಈಗ ಅಲ್ಲಿ ತಗಡಿನ ಶೆಡ್ಡು ಇದೆ, ಸ್ನಾನಕ್ಕೆ ನಲ್ಲಿ ಇದೆ. ಜನ ಅದನ್ನು ಕರ್ಮದ ಕಟ್ಟೆ ಎನ್ನುತ್ತಾರೆ. ಬೆಳಿಗ್ಗೆ ಯಾರದೋ ಕರ್ಮ ಆಗಿತ್ತು, ಬೆಂಚಿನ ಮೇಲೆ ಎಲೆ ಒಣಗುತ್ತಿತ್ತು. ಸಂಜೆ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ನೋಡಲು ಚೆನ್ನಾಗಿಯೇ ಇತ್ತು. ಒಂದು ಪ್ರಾಣಿಯೂ ಅಲ್ಲಿರಲಿಲ್ಲ. ಸಾವಿಲ್ಲದ ದಿನ ಆ ಬೆಂಚಿನ ಮೇಲೆ ಸುಮ್ಮನೆ ಕೂತವರನ್ನು ನಾನು ಇವತ್ತಿನವರೆಗೂ ನೋಡಿಲ್ಲ, ಅವರಿಬ್ಬರನ್ನು ಬಿಟ್ಟು.