ಬರ್ತೇನ್ರಿ ಎಂಬ ಮಾತು

ಸಿಂದಗಿಯಲ್ಲಿ ನನ್ನ ಮನೆಯ ಮಾಳಿಗೆ ಖೋಲಿಯಲ್ಲಿ ಬಾಡಿಗೆಗಿದ್ದ ಪ್ರೇಮಕುಮಾರ ದಿನಾ ಬೆಳಿಗ್ಗೆ ಮೆಟ್ಟಿಲಿಳಿಯುತ್ತ, "ಬರ್ತೇನ್ರೀ ಅಕ್ಕೋರ" ಎಂದು ಕೂಗಿದ ಮೇಲೆಯೇ ಗಾಡಿ ಚಾಲೂ ಮಾಡುತ್ತಿದ್ದ. ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಹೇಳದೆ ಕೇಳದೆ ಎದ್ದು ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವನಿಗಿಂತ ಮೊದಲಿದ್ದವನು ಕೈ ಬೀಸಿ 'ಬಾಯ್ ಆಂಟಿ' ಅನ್ನುತ್ತಿದ್ದ. ಅವನಿಂದ ಖೋಲಿ ಬಿಡಿಸಿದ್ದಕ್ಕೆ ಅದೊಂದೇ ಕಾರಣವಲ್ಲ, ಆದರೆ ಅದೂ ಒಂದು ಕಾರಣ. ಹೋಗುವವರು 'ಹೋಗ್ತೇನಿ' ಅನ್ನಬಾರದು ಎಂಬುದನ್ನು ನಮ್ಮ ಕಡೆ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಕಲಿಸುತ್ತಾರೆ. ಪ್ರೇಮುವಿಗೆ ಅವನ ತಾಯಿ ದುರ್ಗವ್ವ ಚೆನ್ನಾಗಿ ಕಲಿಸಿದ್ದಳು.

ಅವನು ಇಂಡಿ ಊರಿನ ಹುಡುಗ. ಅಲ್ಲೇ ಬಿಕಾಂ ಮುಗಿಸಿ, ಹೆಣ್ಣುಮಕ್ಕಳ ಸಂಘಗಳಿಗೆ ಸಾಲ ಕೊಡುವ ಒಂದು ಫೈನಾನ್ಸ್ ಕಂಪನಿಗೆ ಸೇರಿದ್ದ. ಕಾಗದದ ಮೇಲೆ ಫೀಲ್ಡ್ ಆಫೀಸರ್. ಹೆಗಲಿಗೊಂದು ಕರಿ ಚೀಲ ಹಾಕಿಕೊಂಡು ಊರೂರು ಅಲೆದು, ಯಾರದೋ ಜಗಲಿಯ ಮೇಲೆ ಸಂಘದವರನ್ನು ಕೂಡಿಸಿ, ವಾರದ ಕಂತು ಎತ್ತಿಕೊಂಡು ಬರುವುದು ಕೆಲಸ. ದುರ್ಗವ್ವ ಮಾತ್ರ ಓಣಿಯಲ್ಲೆಲ್ಲ "ನನ್ನ ಮಗಾ ಬ್ಯಾಂಕಿನ್ಯಾಗ ಅದಾನ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅವನು ತಿದ್ದಲು ಹೋಗಲಿಲ್ಲ.

ಮೊದಲ ವರ್ಷ ಹುಡುಗ ಖುಷಿಯಾಗಿದ್ದ. ಇಸ್ತ್ರಿ ಅಂಗಿ, ಕೊರಳಿಗೆ ಕಂಪನಿಯ ಗುರುತಿನ ಚೀಟಿ. ಆಮೇಲೆ ಅಂಗಿಯ ಇಸ್ತ್ರಿ ಹೋಯಿತು, ಮಾತೂ ಕಡಿಮೆಯಾಯಿತು. ಬ್ಯಾಂಕ್ ಪರೀಕ್ಷೆಗೆಂದು ತಂದ ಪುಸ್ತಕಗಳ ಮೇಲೆ ನೀರಿನ ಕೊಡ ಇಟ್ಟುಕೊಂಡಿದ್ದ. ನಾನು ಬೈದರೆ ಒಂದು ದಿನ ಹೇಳಿದ:

"ಇಷ್ಟು ವರ್ಷದಾಗ ನಾ ಏನ ಕಲತೇನಿ ಹೇಳ್ರಿ ಅಕ್ಕೋರ. ಲೆಕ್ಕಾ ಎಲ್ಲಾ ಮೊಬೈಲ್ ಮಾಡ್ತೈತಿ. ಮಂದಿ ಬಾಗಲಾ ಮುಂದ ನಿಲ್ಲೂದು, ಅದಷ್ಟ ನನಗ ಬರ್ತೈತಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಎಂದರೆ ಅವನಿಗೆ ಜೀವ. ಈಗ ಕಂಪನಿಯ ತರಬೇತಿಯಲ್ಲಿ ಕಲಿಸಿದ್ದೇ ಬೇರೆ. ಕಂತು ತಪ್ಪಿಸಿದ ಮನೆಯ ಮುಂದೆ ದನಿ ಏರಿಸಬೇಡಿ, ಜಗಳ ಬೇಡವೇ ಬೇಡ. ಹೊರಡುವಾಗ ನಗುತ್ತ 'ಬರ್ತೇನ್ರಿ' ಅನ್ನಿ, ಕೊಡುವ ತನಕ ಬಿಡುವುದಿಲ್ಲ ಎಂಬುದು ಅವರಿಗೆ ಅರ್ಥವಾಗುತ್ತದೆ. ಇದನ್ನು ಅವನು ತಮಾಷೆ ಎಂಬಂತೆ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಅವ್ವಂದಿರು ಕಲಿಸಿದ ಮಾತನ್ನೂ ಹಿಡಿದು ಈ ಮಂದಿ ದುಡಿಸಿಕೊಳ್ಳುತ್ತಾರಲ್ಲ ಎನಿಸಿತು.

ಇಷ್ಟರಲ್ಲಿ ಒಂದೇ ತಿಂಗಳಲ್ಲಿ ಎರಡು ದಾರಿ ತೆರೆದವು. ತಾಳಿಕೋಟೆಯ ಶಾಖೆಗೆ ಮ್ಯಾನೇಜರ್ ಆಗಿ ಹೋಗು ಎಂದಿತು ಕಂಪನಿ. ಅದೇ ಹೊತ್ತಿಗೆ ಬಸವನ ಬಾಗೇವಾಡಿಯಲ್ಲಿ ಅಂಗಡಿಕಾರರ ತೆರಿಗೆ ಲೆಕ್ಕ ಬರೆಯುವ ಶಮಶುದ್ದೀನ ಸಾಹೇಬರು, ಕೈಕೆಳಗೆ ಕೆಲಸ ಕಲಿಯುವ ಹುಡುಗ ಬೇಕೆಂದು ಹೇಳಿ ಕಳಿಸಿದ್ದರು. ಪಗಾರ ಈಗಿನ ಅರ್ಧಕ್ಕಿಂತಲೂ ಕಡಿಮೆ.

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ತಾಳಿಕೋಟಿಗೆ ಹೋಗೋ" ಎಂದೆ. "ತಂಗಿ ಸಾಕ್ಷಿದು ನರ್ಸಿಂಗ್ ಇನ್ನೂ ಮುಗಿದಿಲ್ಲ. ಅವ್ವ ನಿನಗ ಹೆಣ್ಣು ನೋಡಾಕತ್ಯಾಳ. ಅರ್ಧಾ ಪಗಾರಕ್ಕ ಯಾರರ ಹೋಗ್ತಾರೇನು? ತಲಿ ಕೆಟ್ಟೈತೇನ ನಿನಗ?"

"ಮ್ಯಾನೇಜರ್ ಅಂದ್ರ ಏನ್ರಿ ಅಕ್ಕೋರ? ನಾ ನಿಲ್ಲೂ ಬಾಗಲದಾಗ ಮತ್ತೊಬ್ಬನ್ನ ನಿಲ್ಲಸೂದು."

"ನಿಲ್ಲಸು. ಏನಾಗ್ತೈತಿ?"

ಕಂಪನಿಗೆ ಅವನು ಸೋಮವಾರದೊಳಗೆ ಹೇಳಬೇಕಿತ್ತು. ರಾತ್ರಿ ಉಣ್ಣಲು ಕರೆದರೆ ತಾಳಿಕೋಟೆ ಅನ್ನುತ್ತಿದ್ದ, ಬೆಳಿಗ್ಗೆ ಚಹಾ ಕುಡಿಯುತ್ತ ಬಾಗೇವಾಡಿ ಅನ್ನುತ್ತಿದ್ದ. ಸಾಕ್ಷಿಯ ಫೋನು ಬಂದರೆ ಮತ್ತೆ ತಾಳಿಕೋಟೆ. ಅವನನ್ನು ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಪಾಪವೂ ಅನಿಸುತ್ತಿತ್ತು.

ಆ ವಾರವೇ ಮೋರಟಗಿಯ ಶೇವಂತೆವ್ವ ತೀರಿಕೊಂಡಳು. ಕುರಿ ಕಾಯುವ ಮನೆತನದ ಹೆಂಗಸು, ಅಲ್ಲಿನ ಸಂಘದ ಮುಖ್ಯಸ್ಥೆ. ಪ್ರೇಮು ಅವಳನ್ನು ಆಯಿ ಎಂದು ಕರೆಯುತ್ತಿದ್ದ. ಅವಳು ಅವನಿಗೆ ಒಂದು ವಾರವೂ ಮಜ್ಜಿಗೆ ಕುಡಿಸದೆ ಕಳಿಸಿದವಳಲ್ಲ. ಸತ್ತವರ ಸಾಲಕ್ಕೆ ವಿಮೆ ಇರುತ್ತದೆ, ಕಂಪನಿ ಮನೆಯವರನ್ನು ಕೇಳುವುದಿಲ್ಲ. ಆದರೆ ಮನೆಯವರಿಗೆ ಇದು ಗೊತ್ತಿರದೆ ದುಃಖದಲ್ಲೂ ಹೆದರಿ ಕೂತಿರಬಹುದು ಎಂದು, ಯಾರೂ ಹೇಳದಿದ್ದರೂ ಇವನು ತಾನಾಗಿಯೇ ಮೋರಟಗಿಗೆ ಹೋದ. ಹೋಗುವಾಗ ಅವನ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ ಇತ್ತು. ಈ ಕೆಲಸದಲ್ಲಿದ್ದು ಒಂದು ಒಳ್ಳೆಯ ಸುದ್ದಿ ಒಯ್ಯುತ್ತಿದ್ದೇನೆ ಎಂಬ ಕಳೆ.

ಬಂದಾಗ ಮಾಳಿಗೆ ಹತ್ತಲಿಲ್ಲ. ನನ್ನ ಪಡಸಾಲೆಯಲ್ಲಿ ಗೋಡೆಗೊರಗಿ ಕೂತುಬಿಟ್ಟ. ನೀರು ಕೊಟ್ಟರೆ ಲೋಟ ಕೈಯಲ್ಲೇ ಉಳಿಯಿತು.

"ಎಲ್ಲಾ ಸರೀನ ಹೇಳೇನ್ರಿ. ಸಾಲಾ ಮುಗೀತು, ಯಾರೂ ಕೇಳೂದಿಲ್ಲ, ನೀವು ಅಂಜಬ್ಯಾಡ್ರಿ ಅಂದೆ. ಆಯಿ ಗಂಡ ಅಮೋಘಸಿದ್ಧ ಮುತ್ಯಾ ನನ್ನ ಕೈ ಹಿಡಕೊಂಡು ಅತ್ತಾ. ಆಮ್ಯಾಲ ಎದ್ದೆ. ಚೀಲಾ ಹೆಗಲಿಗೆ ಹಾಕ್ಕೊಂಡೆ. ಬಾಗಲದಾಗ ತಿರುಗಿ..."

"ತಿರುಗಿ?"

"ಬರ್ತೇನ್ರಿ ಅಂದೆ."

ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಸತ್ತ ಮನೆಯಿಂದ ಹೊರಡುವವರು ಆ ಮಾತು ಆಡುವುದಿಲ್ಲ. ಸುಮ್ಮನೆ ಎದ್ದು ಬಂದುಬಿಡಬೇಕು. ಅಂಥ ಮನೆಗೆ ಮತ್ತೆ ಬರುತ್ತೇನೆ ಎಂದರೆ ಇನ್ನೊಂದು ಸಾವನ್ನು ಕರೆದಂತೆ. ಅದೂ ಈ ಚೀಲ ಹೊತ್ತವನ ಬಾಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದು ಊರಿಗೆಲ್ಲ ಗೊತ್ತು.

"ಸೊಸಿ ಮಕ್ಕಳನ್ನ ಒಳಗ ಎಳಕೊಂಡ್ಳರಿ. ಮುತ್ಯಾ ನನ್ನ ಮಾರಿ ನೋಡಿ, 'ಇನ್ನೂ ಬರಾಂವ ಏನಪಾ? ಇನ್ನ ಬರಬ್ಯಾಡ' ಅಂದಾ. ಸಿಟ್ಟಿಲೆ ಅಂದಿದ್ರ ತಡಕೋತಿದ್ದೆ ಅಕ್ಕೋರ. ಕೈ ಮುಗದು ಅಂದಾ."

ಹೇಳಿ ಅತ್ತ. ನನ್ನ ಮುಂದೆ ಅವನು ಅತ್ತದ್ದು ಅದೇ ಮೊದಲು. ಬಾಯಿ ತಪ್ಪಿ ಬಂದದ್ದು ಬಿಡು ಎಂದೆ. "ತಪ್ಪಿ ಬಂದಿಲ್ಲರಿ" ಎಂದ. "ರೂಢಿಯಾಗಿ ಬಂದೈತಿ. ಅದಕ್ಕ ನನಗ ಹೆದರಿಕಿ ಆಗಾಕತ್ತೈತಿ."

ಸೋಮವಾರ ಅವನು ತಾಳಿಕೋಟೆ ಬೇಡ ಎಂದು ಹೇಳಿ, ರಾಜೀನಾಮೆಯನ್ನೂ ಕೊಟ್ಟು ಬಂದ. ದುರ್ಗವ್ವ ನಾಲ್ಕು ದಿನ ಅವನೊಡನೆ ಮಾತು ಬಿಟ್ಟಳು. ಆಮೇಲೆ ನನಗೆ ಫೋನ್ ಮಾಡಿ, "ನೀವರ ಬುದ್ಧಿ ಹೇಳಬಾರದೇನ್ರಿ ಅಕ್ಕೋರ" ಎಂದಳು. ಹೇಳಿದ್ದೆ, ಕೇಳಲಿಲ್ಲ ಎಂದೆ. ಸಾಕ್ಷಿ ಮಾತ್ರ ಸಂಜೆ ಒಂದು ದವಾಖಾನೆಯಲ್ಲಿ ಕೆಲಸ ಹಿಡಿಯುತ್ತೇನೆಂದು ಅಣ್ಣನಿಗೆ ಧೈರ್ಯ ಹೇಳಿದಳಂತೆ. ಬಾಗೇವಾಡಿಯಲ್ಲಿ ಅವನ ದಾರಿ ಕಾಯುತ್ತಿದ್ದದ್ದು ಒಂದು ಹಳೆಯ ಕುರ್ಚಿ, ಅಷ್ಟೇ.

ಕಂಪನಿ ಬಿಡುವ ಮುಂಚೆ ಎಲ್ಲ ಊರಿಗೂ ಹೋಗಿ ಲೆಕ್ಕ ಒಪ್ಪಿಸಿ ಬರಬೇಕಿತ್ತು. ಮೋರಟಗಿಯನ್ನು ಕೊನೆಗೆ ಉಳಿಸಿಕೊಂಡಿದ್ದ. ವಿಮೆಯ ಕಾಗದಕ್ಕೆ ಮುತ್ಯಾನ ಹೆಬ್ಬೆಟ್ಟು ಬೇಕು.

"ನೀವೂ ಬರ್ರಿ ಅಕ್ಕೋರ. ನನಗ ಒಬ್ಬಂವಗ ಹೋಗಾಕ ಆಗವಲ್ದು."

ಈ ವಯಸ್ಸಿನಲ್ಲಿ ಗಾಡಿಯ ಹಿಂದೆ ಕೂತು, ಸೆರಗು ಬಿಗಿದುಕೊಂಡು, ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಹೋದೆ. ಶೇವಂತೆವ್ವನ ದಿನಕರ್ಮಗಳೆಲ್ಲ ಮುಗಿದು ತಿಂಗಳಾಗಿತ್ತು. ಅಮೋಘಸಿದ್ಧ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ಪ್ರೇಮುವನ್ನು ನೋಡಿ ಅವನು ಏಳಲಿಲ್ಲ, ಬೇಡ ಎನ್ನಲೂ ಇಲ್ಲ. ಹೆಬ್ಬೆಟ್ಟು ಒತ್ತಿದ. ಸೊಸೆ ಚಹಾ ತಂದಳು.

"ನೌಕರಿ ಬಿಟ್ಟೇನ್ರಿ ಮುತ್ಯಾ. ಬಾಗೇವಾಡಿಗೆ ಹೊಂಟೇನಿ."

"ಪಗಾರ ಜಾಸ್ತಿ ಐತೇನು?"

"ಕಡಿಮಿ ಐತ್ರಿ."

ಚಹಾ ಮುಗಿಯಿತು. ಪ್ರೇಮು ಎದ್ದು ಕರಿ ಚೀಲ ಹೆಗಲಿಗೇರಿಸಿ, ಕೈ ಮುಗಿದು ನಿಂತ. ಬರ್ತೇನಿ ಅನ್ನಲು ಬಾಯಿಲ್ಲ, ಹೋಗ್ತೇನಿ ಅನ್ನಲು ತಾಯಿ ಕಲಿಸಿಲ್ಲ. ಹೇಳದೆ ತಿರುಗಿ ನಡೆದರೆ ಆ ಮನೆ ಇನ್ನೂ ಸಾವಿನ ಮನೆಯೇ ಆಗಿ ಉಳಿಯುತ್ತದೆ.

"ಯಾಕ ನಿಂತಿ?" ಎಂದ ಅಮೋಘಸಿದ್ಧ. "ಆಕಿ ಇದ್ದಾಗ ಹೊರಡೂ ಮುಂದ ಒಂದ ಮಾತ ಅಂತಿದ್ದೆಲ್ಲಾ, ಅನ್ನು."

ಪ್ರೇಮು ನನ್ನ ಕಡೆ ನೋಡಿದ. ನಾನು ಮುಖ ತಿರುಗಿಸಿದೆ, ಇದು ನಾನು ಹೇಳಿಕೊಡುವ ಪಾಠವಾಗಿರಲಿಲ್ಲ.

"ಬರ್ತೇನ್ರಿ ಮುತ್ಯಾ" ಎಂದ.

"ಬಾರಪಾ" ಎಂದ ಮುದುಕ. "ಬರೂ ಮುಂದ ಆ ಚೀಲಾ ತರಬ್ಯಾಡ."