ಉಪ್ಪಣ್ಣನ ಕಂದು ಉಂಗುರಗಳು

ಕಣ್ಣಾಸ್ಪತ್ರೆಯ ಹಜಾರದಲ್ಲಿ, ರೋಗಿಗಳು ಕಾದು ಕೂರುವ ಬೆಂಚುಗಳ ಎದುರಿಗೆ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಸಮುದ್ರದಷ್ಟೇ ಉಪ್ಪಾದ ನೀರು, ಏಳು ಮೀನು. ಕಿತ್ತಳೆ ಮೈಗೆ ಬಿಳಿ ಪಟ್ಟಿಯವು ಎರಡು, ನೀಲಿ ನಾಲ್ಕು, ಹಳದಿ ಒಂದು. ಪೊರೆ ತೆಗೆಸಿಕೊಂಡವರ ಕಟ್ಟು ಬಿಚ್ಚಿದ ಕೂಡಲೇ ಡಾಕ್ಟರು ಅವರ ಕೈಹಿಡಿದು ಈ ತೊಟ್ಟಿಯ ಮುಂದೆ ತಂದು ನಿಲ್ಲಿಸುತ್ತಾರೆ. "ಎಷ್ಟು ಮೀನಿವೆ? ಯಾವ್ಯಾವ ಬಣ್ಣ?" ಗೋಡೆಯ ಮೇಲಿನ ಅಕ್ಷರ ಓದಿಸುವುದು ಆಮೇಲೆ. ಹನ್ನೊಂದು ವರ್ಷದಿಂದ ಅಲ್ಲಿಯ ಪದ್ಧತಿ ಇದು. ಕೆಲವರು ಬೆರಳು ಮಡಚಿ ಎಣಿಸುತ್ತಾರೆ. ಕೆಲವರು ಎಣಿಸುವುದನ್ನೇ ಮರೆತು ನಿಂತುಬಿಡುತ್ತಾರೆ.

ತೊಟ್ಟಿಯನ್ನು ನೋಡಿಕೊಳ್ಳುವವನು ಉಪ್ಪಣ್ಣ. ಅವನ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಇಲ್ಲ. ಆಸ್ಪತ್ರೆಯ ಪೈಪು, ಪಂಪು, ನಲ್ಲಿಗಳು ಅವನ ಕೆಲಸ. ವಾರಕ್ಕೊಮ್ಮೆ ನೀಲಿ ಡ್ರಮ್ಮಿನಲ್ಲಿ ಉಪ್ಪು ಕದಡುತ್ತಿದ್ದುದನ್ನು ಕಂಡು ಯಾರೋ ಇಟ್ಟ ಹೆಸರು ಅಂಟಿಕೊಂಡಿತು.

ತೊಟ್ಟಿ ಇಟ್ಟ ಮೊದಲ ತಿಂಗಳೇ ಅವನು ಎಡವಿದ್ದ. ತೊಳೆದ ಮರಳು, ಕನ್ನಡಿಯಂಥ ನೀರು, ಹೊಸ ಮೀನು. ಒಂಬತ್ತನೇ ದಿನಕ್ಕೆ ಅಷ್ಟೂ ಮೀನು ಸತ್ತವು. ಮೀನಿನಂಗಡಿಯವನು ಎಲ್ಲ ಕೇಳಿಸಿಕೊಂಡು, "ನೀರು ತೀರಾ ಚೊಕ್ಕಟವಾಗಿತ್ತು, ಅದಕ್ಕೇ ಸತ್ತವು" ಎಂದ. ಉಪ್ಪಣ್ಣನಿಗೆ ತಲೆಬುಡ ತಿಳಿಯಲಿಲ್ಲ.

ಆಮೇಲೆ ಕೇಳಿ, ಓದಿ ಅರ್ಥಮಾಡಿಕೊಂಡ. ಮೀನಿನ ಮಲದಿಂದ, ಉಳಿದು ಕೊಳೆತ ತಿಂಡಿಯಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಮಿತಿಯಲ್ಲಿದ್ದರೆ ಮೀನು ತಾಳಿಕೊಳ್ಳುತ್ತದೆ, ಹೆಚ್ಚಾದಾಗ ಒಂದಿಷ್ಟು ನೀರು ಬದಲಾಯಿಸಿದರಾಯಿತು. ಈ ಎರಡು ಬಗೆಯವೂ ನೀರಿನಲ್ಲಿ ಅಲೆಯುವುದು ಕಡಿಮೆ. ಕಲ್ಲು, ಮರಳು, ಫಿಲ್ಟರಿನೊಳಗೆ ತುಂಬಿಸುವ ಸುಟ್ಟ ಬಿಳಿ ಜೇಡಿಮಣ್ಣಿನ ಪುಟ್ಟ ಉಂಗುರಗಳು, ಇವುಗಳ ರಂಧ್ರಗಳೇ ಅವುಗಳ ಮನೆ. ಅಲ್ಲಿ ಒಕ್ಕಲಾಗಲು ಐದಾರು ವಾರ ಬೇಕು.

ಅಂಗಡಿಯವನು ಕೊಟ್ಟ ಒಂದು ಹಳೆಯ ಕಲ್ಲನ್ನು ತೊಟ್ಟಿಯಲ್ಲಿಟ್ಟು, ಮೀನೇ ಇಲ್ಲದ ನೀರಿಗೆ ದಿನವೂ ಚಿಟಿಕೆ ತಿಂಡಿ ಹಾಕತೊಡಗಿದ. ಶಸ್ತ್ರಚಿಕಿತ್ಸೆಯ ಕೋಣೆಯ ಮುಖ್ಯ ನರ್ಸನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಆಕೆ ದಾರಿಯಲ್ಲಿ ನಿಂತು ನೋಡಿದರು.

"ಏನ್ರೀ, ಖಾಲಿ ಗಾಜಿಗೆ ಊಟ ಬಡಿಸ್ತಿದ್ದೀರಾ? ಉಣ್ಣೋರೆಲ್ಲಿ?"

"ಬಂದಿದ್ದಾರೆ ಸಿಸ್ಟರಮ್ಮ. ನಾಚ್ಕೊಂಡು ಕೂತಿದ್ದಾರೆ."

ನೀರಿನ ಪರೀಕ್ಷೆ ಹೀಗೆ: ಗಾಜಿನ ನಳಿಕೆಯಲ್ಲಿ ಐದು ಮಿಲಿ ನೀರು, ಎರಡು ಶೀಸೆಗಳಿಂದ ಎಂಟೆಂಟು ಹನಿ, ಐದು ನಿಮಿಷದ ಕಾಯುವಿಕೆ. ಹಸಿರಾದರೆ ಅಮೋನಿಯಾ ಇದೆ. ಹಳದಿಯಾಗಿಯೇ ಉಳಿದರೆ ಇಲ್ಲ. ಮೊದಲು ದಿನದಿಂದ ದಿನಕ್ಕೆ ಹಸಿರು ಏರಿತು. ಮೂರನೇ ವಾರ ಇಳಿಯತೊಡಗಿತು. ಮೂವತ್ತೆಂಟನೇ ದಿನ ನಳಿಕೆ ನಿಂಬೆಹಣ್ಣಿನಷ್ಟು ಹಳದಿಯಾಗಿ ನಿಂತಿತು. ಉಪ್ಪಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಪೈಪು ಜೋಡಿಸುವವನಿಗೆ ತಾನು ಮಾಡಿದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಇಲ್ಲಿ ಕಣ್ಣಿಗೆ ಕಾಣದವರು ಯಾರೋ ಸದ್ದಿಲ್ಲದೆ ಕೆಲಸ ಮುಗಿಸಿದ್ದರು.

ಅಂದಿನಿಂದ ಅವನು ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆದವನಲ್ಲ. ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಉಂಗುರಗಳೂ ಕಲ್ಲುಗಳೂ ಕಂದುಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿದವು. ಯಾರಾದರೂ ಹೊಸ ತೊಟ್ಟಿ ಇಟ್ಟರೆ, ಪಕ್ಕದ ಮನೆಗೆ ಹೆಪ್ಪು ಕೊಟ್ಟಂತೆ, ಒಂದು ಹಿಡಿ ಉಂಗುರ ತೆಗೆದುಕೊಡುತ್ತಿದ್ದ. ನಾಲ್ಕು ವರ್ಷದ ಹಿಂದೆ ತಾಯಿಯ ಕಣ್ಣು ತೋರಿಸಲು ಬಂದ ಕ್ಷೌರದಂಗಡಿಯವನು ಮೀನಿಗೆ ಮರುಳಾಗಿ ಹಾಗೆಯೇ ಒಂದು ಹಿಡಿ ಒಯ್ದಿದ್ದ.

ಈ ವರ್ಷ ಉಪ್ಪಣ್ಣನ ಎರಡೂ ಕಣ್ಣಿಗೆ ಪೊರೆ ಬಂತು. ನಳಿಕೆಯಲ್ಲಿ ಹಸಿರೂ ಹಳದಿಯೂ ಒಂದೇ ಆಗತೊಡಗಿದಾಗ ಅವನಿಗೆ ದಿಗಿಲಾಯಿತು. ಮೊದಲು ಬಲಗಣ್ಣು ಎಂದಾಯಿತು. ಆಮೇಲೆ ಐದು ದಿನ ಮನೆಯಲ್ಲಿರಬೇಕು, ಬಗ್ಗಬಾರದು, ನೀರಿಗೆ ಕೈಹಾಕಬಾರದು. ಸೋಮವಾರ ಒಳಗೆ ಹೋಗುವ ಮುನ್ನ ತಿಂಡಿಯ ಡಬ್ಬಿಯನ್ನು ದೊಡ್ಡ ಸಿಸ್ಟರ್ ಕೈಗಿಟ್ಟ. "ದಿನಾ ಒಂದು ಚಿಟಿಕೆ, ಅಷ್ಟೇ."

ಮಂಗಳವಾರ ಬೆಳಿಗ್ಗೆ ಕಟ್ಟು ಬಿಚ್ಚಿದರು. ಡಾಕ್ಟರು ಅವನನ್ನೂ ತೊಟ್ಟಿಯ ಮುಂದೆ ನಿಲ್ಲಿಸಿದರು. ನಗಬಾರದೆಂದುಕೊಂಡರೂ ಉಪ್ಪಣ್ಣ ನಕ್ಕ.

"ಏಳು ಡಾಕ್ಟ್ರೇ. ಅಬ್ಬಾ, ಎಷ್ಟು ಬೆಳ್ಳಗಿದೆ! ಕಲ್ಲೆಲ್ಲ ಹಾಲಲ್ಲಿ ಅದ್ದಿದ ಹಾಗೆ!"

"ಹೇಳಿರ್ಲಿಲ್ವಾ? ಪೊರೆ ಹೋದ್ರೆ ಲೋಕಕ್ಕೇ ಸುಣ್ಣ ಬಳಿದ ಹಾಗಿರುತ್ತೆ."

ಹಿಂದೆ ನಿಂತಿದ್ದ ದೊಡ್ಡ ಸಿಸ್ಟರ್ ತುಟಿ ಬಿಗಿಹಿಡಿದು ನಗುತ್ತಿದ್ದರು. ತನ್ನ ಕಣ್ಣು ಕಂಡು ಸಂತೋಷಪಡುತ್ತಿದ್ದಾರೆ ಎಂದುಕೊಂಡು ಉಪ್ಪಣ್ಣ ಮನೆಗೆ ಹೋದ.

ಗುರುವಾರ ಬೆಳಿಗ್ಗೆ ಹೆಂಡತಿ ಚಹಾ ತಂದಿಟ್ಟಳು. ಕುಡಿದು ಮುಗಿಸಿ ಕಪ್ಪಿನೊಳಗೆ ನೋಡಿದ.

"ಇದೇನೇ, ಇಷ್ಟು ಕಲೆ? ಕಪ್ಪು ತೊಳೆದಿಲ್ವಾ?"

"ಆ ಕಲೆ ಎಷ್ಟೋ ವರ್ಷದ್ದು. ಕಣ್ಣು ಬಂದು ಎರಡು ದಿನ ಆಗಿಲ್ಲ, ಆಗಲೇ ನನ್ನಲ್ಲಿ ಹುಳುಕು ಹುಡುಕೋಕೆ ಶುರು!"

ಉಪ್ಪಣ್ಣ ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಲೆ ಕಂದಾಗಿತ್ತು. ಹೊಸ ಕಣ್ಣಿಗೆ ಕಂದು ಕಂದಾಗಿಯೇ ಕಾಣುತ್ತದೆ. ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಹಾಗಾದರೆ ಹನ್ನೊಂದು ವರ್ಷದ ಕಂದು ಕಲ್ಲುಗಳು ಬೆಳ್ಳಗೆ ಕಂಡದ್ದು ಹೇಗೆ?

"ಎಲ್ಲಿಗೆ ಹೊರಟ್ರಿ? ಡಾಕ್ಟ್ರು ಏನು ಹೇಳಿದ್ರು?" ಎಂದು ಹೆಂಡತಿ ಕೂಗುವಷ್ಟರಲ್ಲಿ ಅವನು ಕಪ್ಪುಕನ್ನಡಕ ಹಾಕಿಕೊಂಡು ಬೀದಿಯ ತಿರುವಿನಲ್ಲಿದ್ದ.

ಮೀನುಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದವು. ಒಂದು ನೀಲಿ ಮೀನು ಮೂಲೆಯಲ್ಲಿ ಪಕ್ಕಕ್ಕೆ ವಾಲಿತ್ತು. ಫಿಲ್ಟರಿನ ಮುಚ್ಚಳ ತೆಗೆದ. ಉಂಗುರಗಳು ಹಲ್ಲಿನಂತೆ ಬಿಳಿ.

ದೊಡ್ಡ ಸಿಸ್ಟರ್ ಓಡಿಬಂದರು. "ನೋಡಿದ್ರಾ? ಅದೆಷ್ಟು ಕೊಳೆ ರೀ, ಲೋಳೆ ಲೋಳೆ! ನೀವು ಕಣ್ಣು ಬಿಟ್ಟಾಗ ಫಳಫಳ ಅನ್ನಲಿ ಅಂತ ಸೋಮವಾರ ಕಲ್ಲು, ಮರಳು, ಉಂಗುರ ಎಲ್ಲಾ ಉಜ್ಜಿ ತೊಳೆದು ಆಟೋಕ್ಲೇವಿಗೆ ಹಾಕಿದೆ. ನೂರಿಪ್ಪತ್ತೊಂದು ಡಿಗ್ರಿ ಆವಿ, ಇಪ್ಪತ್ತು ನಿಮಿಷ. ನಿಮ್ಮ ಡ್ರಮ್ಮಿನ ಉಪ್ಪುನೀರನ್ನೇ ತುಂಬಿಸಿದೆ. ಪಾಪ, ಚಿಟಿಕೆ ಸಾಲುತ್ತಾ ಅಂತ ದಿನಾ ಒಂದು ಚಮಚ ತಿಂಡೀನೂ ಹಾಕಿದೆ."

ಕತ್ತರಿ, ಚಿಮಟಗಳನ್ನು ಆವಿಯಲ್ಲಿ ಬೇಯಿಸಿ ಒಂದು ಕ್ರಿಮಿಯೂ ಉಳಿಯದಂತೆ ಮಾಡುವುದು ಆಕೆಯ ಇಪ್ಪತ್ತೆಂಟು ವರ್ಷದ ಕೆಲಸ. ಹಾಗೆ ಮಾಡಿದ್ದರಿಂದಲೇ ಸಾವಿರಾರು ಕಣ್ಣು ಉಳಿದಿದ್ದವು; ಅವುಗಳಲ್ಲಿ ಅವನದೂ ಒಂದು. ಅವನಿಗೆ ಬೈಯಲು ಬಾಯಿ ಬರಲಿಲ್ಲ.

"ಸಿಸ್ಟರಮ್ಮ, ಅದು ಕೊಳೆ ಅಲ್ಲ. ಈ ನೀರನ್ನ ಶುದ್ಧ ಮಾಡ್ತಿದ್ದದ್ದೇ ಅದು."

ಆಕೆಯ ಕೈಯಲ್ಲೇ ಹನಿ ಹಾಕಿಸಿ ಪರೀಕ್ಷೆ ಮಾಡಿದ. ಐದು ನಿಮಿಷ ಕಾದರು. ಬಲಗಣ್ಣು ಮುಚ್ಚಿ ನೋಡಿದ: ಪೊರೆಯ ಎಡಗಣ್ಣು ಹಳದಿ ಎಂದಿತು. ಎಡಗಣ್ಣು ಮುಚ್ಚಿದ: ಗಿಣಿಹಸಿರು.

"ಮೀನುಗಳನ್ನ ನನ್ನ ಕೈಯಾರೆ ಕೊಂದೆನಾ?" ಎಂದರು ದೊಡ್ಡ ಸಿಸ್ಟರ್.

"ಇನ್ನೂ ಇಲ್ಲ. ಕ್ಷೌರದಂಗಡೀಲಿ ಆ ಉಂಗುರದವರ ನೆಂಟರಿದ್ದಾರೆ."

ಮೊದಲು ಡ್ರಮ್ಮಿನಲ್ಲಿ ಉಳಿದಿದ್ದ ಉಪ್ಪುನೀರಿನಿಂದ ತೊಟ್ಟಿಯ ಅರ್ಧ ನೀರು ಬದಲಾಯಿಸಿದರು. ನೀರಿಗೆ ಕೈಹಾಕಿದವರು ಆಕೆ, ಹೇಳಿಕೊಟ್ಟವನು ಅವನು. ಆಮೇಲೆ ಆಸ್ಪತ್ರೆಯ ವ್ಯಾನು ಹತ್ತಿದರು. ಕ್ಷೌರದವನು ಒಬ್ಬರ ಅರ್ಧ ಗಡ್ಡಕ್ಕೆ ನೊರೆ ಹಚ್ಚಿದ್ದವನು ಹಾಗೆಯೇ ಬಿಟ್ಟು ಬಂದ.

"ಅರ್ಧ ಉಂಗುರ ತಗೊಳ್ಳಿ ಅಣ್ಣ, ಕಲ್ಲೂ ತಗೊಳ್ಳಿ. ನಿಮ್ಮದೇ ತಾನೆ?"

"ಗ್ಲೌಸ್ ಹಾಕ್ಕೊಳ್ಲಾ?" ಎಂದು ಕೇಳಿದರು ದೊಡ್ಡ ಸಿಸ್ಟರ್.

"ಬೇಡ. ಕೈಯಲ್ಲಿ ಸೋಪು, ಸ್ಪಿರಿಟ್ಟು ಇರಬಾರದು ಅಷ್ಟೇ."

ಆಕೆ ಬರಿನೀರಿನಲ್ಲಿ ಕೈಯನ್ನು ಮೂರು ಸಲ ತೊಳೆದು, ಮೂಸಿ ನೋಡಿ, ಮತ್ತೊಮ್ಮೆ ತೊಳೆದರು. ಕಂದು ಉಂಗುರಗಳನ್ನು ಅದೇ ತೊಟ್ಟಿಯ ನೀರಿದ್ದ ಬಕೆಟ್ಟಿಗೆ ಇಳಿಸಿ, ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಕೂತರು. ವ್ಯಾನು ಕುಲುಕಿದಾಗಲೆಲ್ಲ ಡ್ರೈವರನಿಗೆ, "ನಿಧಾನ ಕಣಪ್ಪಾ, ಜೀವ ಇದೆ ಇದರಲ್ಲಿ!" ಎಂದರು.

ನೀಲಿ ಮೀನು ಉಳಿಯಲಿಲ್ಲ. ಶುಕ್ರವಾರ ಕಟ್ಟು ಬಿಚ್ಚಿಸಿಕೊಂಡ ಮುದುಕರೊಬ್ಬರು "ಆರು" ಎಂದಾಗ ಡಾಕ್ಟರು ಅಭ್ಯಾಸಬಲದಿಂದ "ಇನ್ನೊಂದ್ಸಲ ನೋಡಿ" ಎಂದರು. "ಅವರು ಸರಿಯಾಗೇ ಎಣಿಸಿದ್ದಾರೆ ಡಾಕ್ಟ್ರೇ" ಎಂದು ದೊಡ್ಡ ಸಿಸ್ಟರ್ ತಗ್ಗಿದ ದನಿಯಲ್ಲಿ ಹೇಳಿದರು.

ದಿನವೂ ಸ್ವಲ್ಪ ನೀರು ಬದಲಾವಣೆ, ದಿನ ಬಿಟ್ಟು ದಿನ ಅರೆಚಿಟಿಕೆ ತಿಂಡಿ, ಒಂದು ಪರೀಕ್ಷೆ. ಆ ಜೀವಿಗಳು ಚೆನ್ನಾಗಿದ್ದರೆ ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ ಎಂದು ಉಪ್ಪಣ್ಣ ಹೇಳಿದ. ಆಕೆ ಕೆಲಸ ಮುಗಿದ ಮೇಲೂ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರತೊಡಗಿದರು.

"ಇವೆಲ್ಲ ಎಲ್ಲಿಂದ ಬಂದವು?"

"ಕ್ಷೌರದಂಗಡಿಯವು ನಮ್ಮಿಂದ ಹೋದವು. ನಮ್ಮವು ಮೀನಿನಂಗಡಿಯ ಆ ಕಲ್ಲಿನಿಂದ. ಆ ಕಲ್ಲು ಸಮುದ್ರದ್ದು."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೇನೂ ಸಮುದ್ರವೇ ಸಿಸ್ಟರಮ್ಮ. ಮೀನು ಅನ್ನೋದು ಹುಟ್ಟೋಕೆ ಮುಂಚೆಯಿಂದ ಒಂದರಿಂದ ಇನ್ನೊಂದು, ನಡುವೆ ಎಲ್ಲೂ ಕಡಿಯದೆ, ಇಲ್ಲೀತನಕ."

ದೊಡ್ಡ ಸಿಸ್ಟರ್ ತಮ್ಮ ಬರಿಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು.

ಎಂಟನೇ ದಿನ ಮಧ್ಯಾಹ್ನ ಎಂಟೆಂಟು ಹನಿ ಹಾಕಿದವರು ಆಕೆಯೇ. ಐದು ನಿಮಿಷ ಕಳೆಯಿತು. ಉಪ್ಪಣ್ಣ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಲಗಣ್ಣು ಮುಚ್ಚಿ ನೋಡಿದ, ಎಡಗಣ್ಣು ಮುಚ್ಚಿ ನೋಡಿದ. ಎರಡೂ ಕಣ್ಣು ಒಂದೇ ಮಾತು ಹೇಳಿದವು. ಆದರೂ ನಳಿಕೆಯನ್ನು ಆಕೆಯ ಕಡೆ ಚಾಚಿದ.

"ಹೇಳಿ ಸಿಸ್ಟರಮ್ಮ, ಯಾವ ಬಣ್ಣ?"